ಗ್ರಂಥಪಾಲಕರ ಗುರು: ಶಿಯಾಳಿ ರಾಮಾಮೃತ ರಂಗನಾಥನ್‌ರವರ ಜೀವನ ಸಂಗ್ರಹ

ನಮ್ಮ ಶಾಲೆಯ ಸ್ಮರಣ ಸಂಚಿಕೆಗಳಲ್ಲಿ ಮಹನೀಯರೊಬ್ಬರ ಜೀವನ ಸಂಗ್ರಹವನ್ನು ಪ್ರಕಟಿಸುವುದು ವಾಡಿಕೆ. ರೋಗಿಗಳ ಶುಶ್ರೂಷೆಯಲ್ಲಿ ಆಯುಷ್ಯವನ್ನು ಸವೆಸಿದ ಸ್ತ್ರೀಯರನ್ನಾಗಲಿ, ದೂರದೇಶದಿಂದ ಬಂದು ಈ ನಾಡಿನ ಮಣ್ಣಿನಲ್ಲಿಯೇ ವಿಶ್ರಮಿಸಿದ ಮಿಷನೆರಿಗಳನ್ನಾಗಲಿ ಸಾಮಾನ್ಯವಾಗಿ ಆರಿಸಿಕೊಳ್ಳುತ್ತೇವೆ. ಈ ಸಾರಿ ನಾವು ಆರಿಸಿಕೊಂಡಿರುವವರು ಗಣಿತದ ಉಪಾಧ್ಯಾಯರಾಗಿದ್ದು, ಮನಸ್ಸಿಲ್ಲದ ಮನಸ್ಸಿನಿಂದ ಪುಸ್ತಕಾಲಯವೊಂದನ್ನು ಹೊಕ್ಕು, ಆಮೇಲೆ ಅದನ್ನೇ ತಮ್ಮ ಜೀವಿತದ ಕರೆಯನ್ನಾಗಿ ಭಾವಿಸಿದ ಒಬ್ಬ ಸದ್ಗೃಹಸ್ಥರು. ಹೀಗೆ ಆರಿಸಿದ್ದಕ್ಕೆ ಕಾರಣವುಂಟು. ಮಿಷನ್‌ನಿಂದ ಬರುತ್ತಿದ್ದ ಸಹಾಯದ್ರವ್ಯವು ವರ್ಷೇ ವರ್ಷೇ ಇಳಿಯುತ್ತಿರುವುದನ್ನು ಪೋಷಕರು ಬಲ್ಲರು. ವೆಚ್ಚದ ಪಟ್ಟಿಯನ್ನು ಮೊಟಕುಮಾಡುವ ಮಾತು ಬಂದಾಗ, ಪುಸ್ತಕಗಳನ್ನು ಕೊಟ್ಟು ತೆಗೆದುಕೊಳ್ಳುವ ಹೆಂಗಸಿಗೆ ತರಬೇತು ಏತಕ್ಕೆಂದು ಕೆಲವರು ಪೋಷಕರು ಸದ್ಭಾವದಿಂದಲೇ ಕೇಳಿದರು. ಆ ಪ್ರಶ್ನೆಗೆ ನಮ್ಮ ಬಾಯಿಂದ ಉತ್ತರ ಹೇಳುವುದಕ್ಕಿಂತ, ಅದಕ್ಕಾಗಿಯೇ ಬದುಕಿದವರ ಚರಿತ್ರೆಯನ್ನು ನಿವೇದಿಸುವುದು ಲೇಸೆಂದು ನಮಗೆ ತೋರಿತು.

ರಂಗನಾಥನ್‌ರವರು 1892ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಈಗ ಆ ಊರನ್ನು ಶೀರ್ಕಾಳಿಯೆಂದು ಕರೆಯುತ್ತಾರೆ. ತಂದೆ ರಾಮಾಮೃತ ಅಯ್ಯರ್‌ರವರು ಸ್ವಲ್ಪ ಭೂಮಿಯುಳ್ಳ ಗೃಹಸ್ಥರು. ಮಗನಿಗೆ ಆರು ವರ್ಷ ತುಂಬುವ ವೇಳೆಗೇ ಅವರು ತೀರಿಕೊಂಡರು. ಬಾಲಕನಿಗೆ ಮಾತನಾಡುವಾಗ ತೊದಲುವಿಕೆಯಿದ್ದಿತು, ಶರೀರವೂ ಬಲಹೀನವಾಗಿದ್ದಿತು. ಇಷ್ಟರ ಮೇಲೂ ಊರಿನ ಹೈಸ್ಕೂಲಿನಲ್ಲಿ ಚೆನ್ನಾಗಿ ಓದಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಆಗ ಆ ಕಾಲೇಜು ತಾಂಬರಮ್‌ಗೆ ಹೋಗಿರಲಿಲ್ಲ. ಪಟ್ಟಣದ ನಡುವೆ ಜಾರ್ಜ್‌ಟೌನಿನಲ್ಲಿದ್ದಿತು. ಅಲ್ಲಿ 1913ರಲ್ಲಿ ಬಿ.ಎ., 1916ರಲ್ಲಿ ಗಣಿತದಲ್ಲಿ ಎಂ.ಎ. ಪದವಿಗಳನ್ನು ಪಡೆದರು.

ಆ ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಎಡ್ವರ್ಡ್ ರಾಸ್ ಎಂಬ ಮಿಷನೆರಿ ಪ್ರೊಫೆಸರರಿಗೂ ಈ ವಿದ್ಯಾರ್ಥಿಗೂ ಬೆಳೆದ ಬಾಂಧವ್ಯವು ಬಹು ಅಪೂರ್ವವಾದುದು. ಗುರುಗಳು ಒಂದು ಮತದವರು, ಶಿಷ್ಯರು ಮತ್ತೊಂದು ಮತದವರು. ಶಿಷ್ಯರು ಕಡೆಯವರೆಗೂ ತಮ್ಮ ಹಿರಿಯರ ಆಚಾರದಲ್ಲಿಯೇ ಇದ್ದರು. ಆದರೂ ರಾಸ್‌ರವರನ್ನು ಅವರು ಸಾಕ್ಷಾತ್ ಗುರುವೆಂದೇ ಭಾವಿಸಿ ಜೀವಮಾನವೆಲ್ಲಾ ಸ್ಮರಿಸುತ್ತಿದ್ದರು. ಮಿಷನ್ ಶಾಲೆಯಲ್ಲಿ ಕಲಿತು ಮಿಷನ್ ಶಾಲೆಯಲ್ಲಿಯೇ ಕಲಿಸುತ್ತಿರುವ ನಮಗೆ ಈ ಸಂಗತಿಯು ವಿಶೇಷವಾಗಿ ಸಂತೋಷವನ್ನುಂಟುಮಾಡುತ್ತದೆಂದು ಹೇಳಿದರೆ ಓದುಗರು ಮನ್ನಿಸುವರು.

ಸೈದಾಪೇಟೆಯ ಟೀಚರ್ಸ್ ಕಾಲೇಜಿನಲ್ಲಿ ಉಪಾಧ್ಯಾಯರ ತರಬೇತನ್ನು ಮುಗಿಸಿಕೊಂಡು, 1917ರಲ್ಲಿ ಅವರು ಮಂಗಳೂರಿನ ಸರಕಾರಿ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಕನ್ನಡನಾಡಿನೊಡನೆ ಅವರ ಋಣಾನುಬಂಧವು ಹೀಗೆ ಮೊದಲಾಯಿತು. ಕೊಯಮತ್ತೂರಿನಲ್ಲಿಯೂ ಕೆಲಸಮಾಡಿ, ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ವರ್ಗವಾಗಿ ಹೋದರು. ಅಲ್ಲಿದ್ದಾಗ ಉಪಾಧ್ಯಾಯರ ಸಂಘದ ಕಾರ್ಯದರ್ಶಿಯಾಗಿಯೂ ದುಡಿದರು. ಬೋಧನೆಯೇ ಅವರಿಗೆ ಪ್ರಾಣವಾಗಿದ್ದಿತು.

1923ರಲ್ಲಿ ಮದರಾಸು ವಿಶ್ವವಿದ್ಯಾನಿಲಯದವರು ತಮ್ಮ ಪುಸ್ತಕಾಲಯಕ್ಕೆ ಒಬ್ಬ ಗ್ರಂಥಪಾಲಕರನ್ನು ನೇಮಿಸಬೇಕೆಂದು ನಿಶ್ಚಯಿಸಿದರು. ಸುಮಾರು 900 ಮಂದಿ ಅರ್ಜಿ ಹಾಕಿದರಂತೆ. ಅಷ್ಟು ಮಂದಿಯಲ್ಲಿ ಆ ಕೆಲಸದ ಶಿಕ್ಷಣವನ್ನು ಪಡೆದವರು ಒಬ್ಬರೂ ಇರಲಿಲ್ಲ! ರಂಗನಾಥನ್‌ರವರಿಗೂ ಅದರ ಗಂಧವಿರಲಿಲ್ಲ. ಸಂದರ್ಶನಕ್ಕೆ ಮೊದಲು ವಿಶ್ವಕೋಶದಲ್ಲಿ ಆ ವಿಷಯವಾಗಿ ಒಂದು ಲೇಖನವನ್ನು ಓದಿಕೊಂಡು ಹೋದದ್ದೇ ಅವರ ಸಿದ್ಧತೆ. ಗಣಿತದಲ್ಲಿ ಕೆಲವು ಸಂಶೋಧನ ಲೇಖನಗಳನ್ನು ಬರೆದಿದ್ದರೆಂಬ ಕಾರಣದಿಂದ ಕೆಲಸ ಅವರಿಗೆ ದೊರೆಯಿತು. 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. ಕೆಲವೇ ದಿನಗಳಲ್ಲಿ ಅವರಿಗೆ ಜೀವ ಬೇಸತ್ತುಹೋಯಿತು. ಹುಡುಗರ ಮುಖಗಳನ್ನು ನೋಡುತ್ತ ಪಾಠಹೇಳಿದವರಿಗೆ, ಯಾರೂ ಬಾರದ ಕೋಣೆಯಲ್ಲಿ ಧೂಳುಹಿಡಿದ ಪುಸ್ತಕಗಳ ನಡುವೆ ಕುಳಿತಿರುವುದು ಸೆರೆವಾಸದಂತಾಯಿತು. ಹಳೆಯ ಉದ್ಯೋಗವನ್ನೇ ಕೊಡಿರೆಂದು ಬೇಡಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬರಬೇಕೆಂದೂ, ಆಮೇಲೂ ಮನಸ್ಸು ನಿಲ್ಲದಿದ್ದರೆ ಗಣಿತದ ಕೆಲಸವನ್ನು ಕೊಡುವೆವೆಂದೂ ಏರ್ಪಾಡಾಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಪಾಲಕರಿಗಾಗಿ ಒಂದು ಶಿಕ್ಷಣ ಶಾಲೆಯಿದ್ದಿತು. ಅದು 1919ರಲ್ಲಿ ಆಂಡ್ರೂ ಕಾರ್ನೆಗಿ ಎಂಬ ಉಕ್ಕಿನ ಸಾಹುಕಾರರ ದತ್ತಿಯಿಂದ ದೊರೆತ ದ್ರವ್ಯಸಹಾಯದಿಂದ ಆರಂಭವಾದುದು. ದೂರದ ದಾನಿಯೊಬ್ಬರ ಹಣವು ನಮ್ಮ ದೇಶದ ಒಬ್ಬ ತೊದಲು ಮಾತಿನ ಗಣಿತಜ್ಞರನ್ನು ಹೇಗೆ ಮುಟ್ಟಿತೆಂಬುದನ್ನು ಆಲೋಚಿಸಿದರೆ ಆಶ್ಚರ್ಯವಾಗುತ್ತದೆ. ಅಲ್ಲಿ ಬರ್ವಿಕ್ ಸೇಯರ್ಸ್ ಎಂಬ ಅನುಭವಶಾಲಿಗಳಲ್ಲಿ ಕಲಿತರು. ನೂರಕ್ಕೆ ಮೇಲ್ಪಟ್ಟು ಪುಸ್ತಕಾಲಯಗಳನ್ನು ಸುತ್ತಿ ನೋಡಿದರು. ಕಾರ್ಮಿಕರೂ ಸ್ತ್ರೀಯರೂ ಮಕ್ಕಳೂ ನಿರಾತಂಕವಾಗಿ ಬಂದು ಪುಸ್ತಕಗಳನ್ನು ಒಯ್ಯುವುದನ್ನು ಕಂಡು, ಇದೂ ಬೋಧನೆಯೇ, ಬೋಧನೆಗಿಂತಲೂ ವಿಸ್ತಾರವಾದ ಬೋಧನೆಯೆಂದು ಅವರಿಗೆ ಹೊಳೆಯಿತು. ಒಂದು ದಿನ ದೊಡ್ಡ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟದ ಸಾಮಾನನ್ನು ಕಂಡರು. ಅವೇ ಪಟ್ಟಿಗಳು, ಅವೇ ತಿರುಪುಗಳು. ಜೋಡಿಸುವ ರೀತಿಯಿಂದ ಬಂಡಿಯೂ ಆಗಬಹುದು, ಸೇತುವೆಯೂ ಆಗಬಹುದು. ವಿಷಯಗಳ ಭಾಗಗಳನ್ನು ಹೀಗೆಯೇ ಜೋಡಿಸಿ ಯಾವ ಪುಸ್ತಕಕ್ಕಾದರೂ ತಕ್ಕ ಸ್ಥಾನವನ್ನು ಗೊತ್ತುಮಾಡಬಹುದೆಂಬ ಯೋಚನೆ ಅವರಲ್ಲಿ ಹುಟ್ಟಿತು. ಅದೇ ಬೆಳೆದು 1933ರಲ್ಲಿ ಕೋಲನ್ ವರ್ಗೀಕರಣವೆಂಬ ಗ್ರಂಥವಾಯಿತು. 1925ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಗಣಿತದ ಕೆಲಸದ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಮುಂದಿನ ಇಪ್ಪತ್ತು ವರ್ಷಗಳ ಕಾಲ ರಜೆಯೆಂಬುದನ್ನೇ ಅರಿಯದೆ ಆ ಪುಸ್ತಕಾಲಯದಲ್ಲಿ ದುಡಿದರು. ಬೀಗಹಾಕಿದ್ದ ಬೀರುಗಳನ್ನು ತೆರೆಸಿ, ಓದುವವರೇ ಹೋಗಿ ಪುಸ್ತಕವನ್ನು ಮುಟ್ಟಿನೋಡುವಂತೆ ಮಾಡಿದರು. 1928ರ ಒಂದು ಸಂಜೆ, ಈ ಕೆಲಸಕ್ಕೆಲ್ಲಾ ಮೂಲವಾದ ಸೂತ್ರ ಯಾವುದೆಂದು ತಿಳಿಯದೆ ತಲೆಗೆ ಕೈಕೊಟ್ಟು ಕುಳಿತಿದ್ದಾಗ, ಅವರ ಗುರುಗಳಾದ ರಾಸ್‌ರವರು ಅಲ್ಲಿಗೆ ಬಂದರಂತೆ. ಶಿಷ್ಯರ ವ್ಯಾಕುಲವನ್ನು ಕೇಳಿ, ಗ್ರಂಥಗಳಿರತಕ್ಕದ್ದು ಉಪಯೋಗಕ್ಕಾಗಿ ಎಂಬುದೇ ಮೊದಲನೆಯ ಸೂತ್ರವಲ್ಲವೇ ಎಂದು ಹೇಳಿ ಹೊರಟುಹೋದರು. ಗಂಟು ಬಿಚ್ಚಿತು, ಮಿಕ್ಕ ನಾಲ್ಕು ಸೂತ್ರಗಳು ಒಂದರ ಹಿಂದೊಂದು ಬಂದುವು. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳ ಗ್ರಂಥವನ್ನು ಇಂದಿಗೂ ಜಗತ್ತಿನ ಗ್ರಂಥಪಾಲಕರೆಲ್ಲರೂ ಓದುತ್ತಾರೆ.

ಅದೇ 1928ರಲ್ಲಿ ಅವರ ಪತ್ನಿ ರುಕ್ಮಿಣಿಯವರು ಆಕಸ್ಮಿಕವಾಗಿ ತೀರಿಕೊಂಡರು. ಮರು ವರ್ಷ ಅವರು ಶಾರದಾರವರನ್ನು ವಿವಾಹವಾದರು. ಈ ಸಾಧ್ವಿಯ ಹೆಸರು ಮುಂದೆ ಮತ್ತೆ ಬರುವುದು.

ಈಗ ನಾವು ಮುಖ್ಯವಾದ ವಿಷಯಕ್ಕೆ ಬರುತ್ತೇವೆ. ರಂಗನಾಥನ್‌ರವರಿಗಿಂತ ಮೊದಲೇ ಈ ದೇಶದಲ್ಲಿ ಗ್ರಂಥಪಾಲಕರ ತರಬೇತು ನಡೆದಿದ್ದಿತು. ಬರೋಡೆಯ ಮಹಾರಾಜ ಸಯಾಜಿರಾಯರು ಅಮೆರಿಕದಿಂದ ಬಾರ್ಡನ್ ಎಂಬವರನ್ನು ಕರೆಸಿ, 1911ರಲ್ಲಿ ಒಂದು ತರಗತಿಯನ್ನು ತೆರೆದರು. ಡಿಕಿನ್ಸನ್ ಎಂಬ ಮತ್ತೊಬ್ಬ ಅಮೆರಿಕದವರು 1915ರಲ್ಲಿ ಲಾಹೋರಿನಲ್ಲಿ ಪಾಠಹೇಳಿದರು. ಒಳ್ಳೆಯ ಕಾರ್ಯಗಳೇ. ಆದರೆ ಒಂದು ರಾಜನ ಔದಾರ್ಯವನ್ನೋ ಒಬ್ಬ ವಿದೇಶೀಯರನ್ನೋ ನಂಬಿಕೊಂಡ ಕಾರ್ಯಕ್ಕೆ ಸ್ವಂತ ಬೇರು ಇಳಿಯುವುದು ಕಷ್ಟ. ರಂಗನಾಥನ್‌ರವರು ಬೇರೆ ಮಾರ್ಗವನ್ನು ಹಿಡಿದರು. 1928ರಲ್ಲಿ ಹುಟ್ಟಿದ ಮದರಾಸು ಗ್ರಂಥಾಲಯ ಸಂಘದ ಆಶ್ರಯದಲ್ಲಿ, 1929ರ ಬೇಸಗೆಯಲ್ಲಿ ಶಿಕ್ಷಣ ಶಾಲೆಯೊಂದನ್ನು ನಡೆಸಿದರು. ಸಂಘವೆಂದರೆ ಚಂದಾ ಕೊಡುವ ಸದಸ್ಯರ ಕೂಟ. ಅದಕ್ಕೆ ಅರಮನೆಯ ಬೊಕ್ಕಸವಿರಲಿಲ್ಲ. ಶಾಲೆಯು ಉಪಯುಕ್ತವೆಂಬುದನ್ನು ಮೊದಲು ನಡೆಸಿ ತೋರಿಸಿ, 1931ರಲ್ಲಿ ಅದನ್ನು ವಿಶ್ವವಿದ್ಯಾನಿಲಯವು ತನ್ನದಾಗಿ ಸ್ವೀಕರಿಸುವಂತೆ ಮಾಡಿದರು. 1937ರಲ್ಲಿ ಅದು ಪದವೀಧರರಿಗೆ ಒಂದು ವರ್ಷದ ಡಿಪ್ಲೊಮಾ ಶಿಕ್ಷಣವಾಯಿತು.

ಸಹಾಯದ್ರವ್ಯವು ಕ್ಷೀಣಿಸಿದಾಗ ಸಂಸ್ಥೆಗಳು ಮೊದಲು ಕತ್ತರಿಸುವುದು ತರಬೇತಿನ ವೆಚ್ಚವನ್ನು ಎಂಬುದು ನಮ್ಮ ಅನುಭವವೂ ಹೌದು. ಮಾಡು ಸೋರಿದರೆ ಹೆಂಚು ಹಾಕಿಸಲೇಬೇಕು. ಸಂಬಳವನ್ನು ತಡೆಹಿಡಿದರೆ ಮರುದಿನವೇ ದೂರು ಬರುವುದು. ತರಬೇತನ್ನು ನಿಲ್ಲಿಸಿದರೆ ಆ ವರ್ಷ ಯಾರಿಗೂ ಏನೂ ತೋರುವುದಿಲ್ಲ, ಮರು ವರ್ಷವೂ ತೋರುವುದಿಲ್ಲ. ಐದಾರು ವರ್ಷಗಳ ತರುವಾಯ ಹಳಬರು ನಿವೃತ್ತರಾಗಿ, ಪುಸ್ತಕವು ಪಟ್ಟಿಯಲ್ಲಿದ್ದರೂ ಬೀರುವಿನಲ್ಲಿ ಸಿಕ್ಕದೆ, ಬೀರುವಿನಲ್ಲಿದ್ದರೂ ಪಟ್ಟಿಯಲ್ಲಿ ಕಾಣದೆ ಹೋದಾಗ ಮಾತ್ರ ನಷ್ಟವು ಬೆಳಕಿಗೆ ಬರುವುದು. ನಮ್ಮೂರಿನವರಿಗೆ ಹೇಳಬೇಕಾದರೆ, ಸಯನೈಡ್ ದಿಬ್ಬಗಳಲ್ಲಿ ಇಂದಿಗೂ ಕಿಂಚಿತ್ ಚಿನ್ನವಿರುವುದು ನಿಜ. ಬೇರ್ಪಡಿಸಿ ತೆಗೆಯುವ ಕೈಯಿಲ್ಲದಿದ್ದರೆ ಅದು ಬರಿಯ ಧೂಳೇ ಸರಿ.

1945ರಲ್ಲಿ ರಂಗನಾಥನ್‌ರವರು ಮದರಾಸಿನ ಕೆಲಸದಿಂದ ನಿವೃತ್ತರಾದರು. ವಿಶ್ರಾಂತಿ ದೊರೆಯಲಿಲ್ಲ. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯವು ಕರೆಯಿತು. ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೊಬ್ಬರೇ ವರ್ಗೀಕರಿಸಿದರು. 1947ರಲ್ಲಿ ಸರ್ ಮಾರಿಸ್ ಗ್ವಯರ್‌ರವರ ಆಹ್ವಾನದ ಮೇರೆಗೆ ದಿಲ್ಲಿಗೆ ಹೋಗಿ, ಈ ಶಾಸ್ತ್ರದಲ್ಲಿ ಪದವಿಯಿಂದ ಡಾಕ್ಟರೇಟಿನವರೆಗೆ ಶಿಕ್ಷಣಕ್ರಮವನ್ನು ಏರ್ಪಡಿಸಿದರು. 1948ರ ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾನೂನಿನ ಹಿಂದೆಯೂ ಅವರ ಬಹು ವರ್ಷಗಳ ಪ್ರಯತ್ನವಿದ್ದಿತು. ಆಮೇಲೆ ಎರಡು ವರ್ಷ ಸ್ವಿಟ್ಸರ್ಲೆಂಡಿನ ಜೂರಿಚ್ ನಗರದಲ್ಲಿದ್ದರು. 1957ರಲ್ಲಿ ಭಾರತ ಸರಕಾರವು ಪದ್ಮಶ್ರೀಯನ್ನಿತ್ತು ಗೌರವಿಸಿತು.

ಆ ಕಾಲದಲ್ಲಿಯೇ ಅವರು ಮಾಡಿದ ಒಂದು ಕಾರ್ಯಕ್ಕಾಗಿ ನಾವು ಈ ಚರಿತ್ರೆಯನ್ನು ಬರೆಯಲು ಹೊರಟೆವೆಂದರೂ ಸಲ್ಲುವುದು. ತಮ್ಮ ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿ, ಗ್ರಂಥಾಲಯ ಶಾಸ್ತ್ರವನ್ನು ಬೋಧಿಸುವ ಒಬ್ಬ ಪ್ರೊಫೆಸರರ ಪೀಠಕ್ಕೆ ಅದನ್ನು ಮೂಲಧನವಾಗಿ ಮಾಡಿದರು. ಪೀಠಕ್ಕೆ ತಮ್ಮ ಹೆಸರೊಂದನ್ನೇ ಇಡಲಿಲ್ಲ. ಶಾರದಾ ರಂಗನಾಥನ್ ಪೀಠವೆಂದು ಕರೆಸಿದರು. ಉಪಾಧ್ಯಾಯರ ಸಂಬಳದಿಂದ, ಗ್ರಂಥಪಾಲಕರ ಸಂಬಳದಿಂದ ಒಂದು ಲಕ್ಷವು ಹೇಗೆ ಉಳಿಯಿತೆಂಬುದನ್ನು ಮನೆ ನಡೆಸುವ ತಾಯಂದಿರಿಗೆ ನಾವು ವಿವರಿಸಬೇಕಾಗಿಲ್ಲ. ಆ ಮನೆಯಲ್ಲಿ ಆಡಂಬರವೆಂಬುದಿರಲಿಲ್ಲ. ಯಜಮಾನರು ಉಡುತ್ತಿದ್ದುದು ಸರಳವಾದ ಪಂಚೆ, ಊಟವೂ ಮಿತವಾದುದು. ಗಂಡನು ಹಗಲಿರುಳು ಪುಸ್ತಕಾಲಯದಲ್ಲಿರುತ್ತಿದ್ದಾಗ, ಅಡಿಗೆಯ ಮನೆಯಲ್ಲಿ ಕಾಸಿಗೆ ಕಾಸು ಕೂಡಿಸಿದವರು ಬೇರೊಬ್ಬರು. ಬಡ ವಿಧವೆಯ ಎರಡು ಕಾಸುಗಳ ಸಂಗತಿಯನ್ನು ನಮ್ಮ ಹುಡುಗಿಯರು ಭಾನುವಾರದ ಶಾಲೆಯಲ್ಲಿ ಕಲಿತಿದ್ದಾರೆ. ಇದ್ದುದನ್ನೆಲ್ಲಾ ಹಾಕಿದವರ ಸಾಲಿನಲ್ಲಿ ಶಾರದಾ ಅಮ್ಮನವರನ್ನೂ ಎಣಿಸಬೇಕೆಂದು ನಮ್ಮ ಅಭಿಪ್ರಾಯ.

ಈ ದಾನದ ವಿವೇಕವನ್ನು ಸ್ವಲ್ಪ ಗಮನಿಸಬೇಕು. ಹಣವನ್ನು ಒಂದೆರಡು ವರ್ಷಗಳ ವಿದ್ಯಾರ್ಥಿವೇತನಕ್ಕೆ ಹಂಚಿದ್ದರೆ ಹೆಚ್ಚು ಹೆಸರು ಬರುತ್ತಿದ್ದಿತೇನೋ. ಅವರು ಹಾಗೆ ಮಾಡದೆ ಮೂಲಧನವನ್ನು ಉಳಿಸಿ ಬಡ್ಡಿಯನ್ನು ಉಪಯೋಗಿಸುವ ಮಾರ್ಗವನ್ನು ಹಿಡಿದರು. ನೂರಕ್ಕೆ ನಾಲ್ಕರಂತೆ ಎಣಿಸಿದರೂ ಲಕ್ಷಕ್ಕೆ ವರ್ಷಕ್ಕೆ 4,000 ರೂಪಾಯಿಯಾಗುವುದು. ಆದರೆ ಬೆಲೆಗಳು ಏರುತ್ತ ಹೋದಂತೆ ಅದೇ 4,000 ರೂಪಾಯಿ ಸವೆದ ನಾಣ್ಯದಂತಾಗುವುದು. ಯಾವ ದತ್ತಿಯೂ ಒಂದು ತಲೆಮಾರಿಗಿಂತ ಹೆಚ್ಚುಕಾಲ ತಾನೊಂದೇ ಭಾರವನ್ನು ಹೊರಲಾರದು. ಅದು ಕಾರಣವೇ ದತ್ತಿಯನ್ನು ಒಂದು ವಿಶ್ವವಿದ್ಯಾನಿಲಯದ ಕೈಗೆ ಕೊಟ್ಟದ್ದು ಯುಕ್ತವಾಯಿತು. ಹಣವು ಬಾಗಿಲನ್ನು ತೆರೆಯಿತು. ತೆರೆದ ಬಾಗಿಲನ್ನು ಮುಚ್ಚದಿರುವ ಹೊಣೆ ಸಂಸ್ಥೆಯ ಮೇಲೆ ಬಿದ್ದಿತು.

ದೊಡ್ಡ ದತ್ತಿಗಳೂ ಸಂಸ್ಥೆಯ ಮನಸ್ಸು ತಿರುಗಿದರೆ ಉಳಿಯುವುದಿಲ್ಲವೆಂಬುದಕ್ಕೆ ಅಮೆರಿಕವೇ ಸಾಕ್ಷಿ. ನ್ಯೂಯಾರ್ಕಿನ ಕೊಲಂಬಿಯ ಕಾಲೇಜಿನಲ್ಲಿ ಮೆಲ್ವಿಲ್ ಡ್ಯೂಯಿ ಎಂಬವರು 1887ರಲ್ಲಿ ಪ್ರಪಂಚದ ಮೊದಲನೆಯ ಗ್ರಂಥಪಾಲಕರ ಶಾಲೆಯನ್ನು ತೆರೆದಾಗ, ಇಪ್ಪತ್ತು ವಿದ್ಯಾರ್ಥಿಗಳಲ್ಲಿ ಹದಿನೇಳು ಮಂದಿ ಸ್ತ್ರೀಯರಿದ್ದರು. ಸ್ತ್ರೀಯರನ್ನು ಸೇರಿಸಿದ್ದೇ ಆಡಳಿತದವರಿಗೆ ಹಿಡಿಸಲಿಲ್ಲ. ಎರಡೇ ವರ್ಷಗಳಲ್ಲಿ ಶಾಲೆ ಆಲ್ಬನಿ ನಗರಕ್ಕೆ ಹೋಯಿತು. ಮುಂದೆ ಅದು ಕೊಲಂಬಿಯಕ್ಕೆ ಮರಳಿ ಬಂದು ಬಹುಕಾಲ ಕೀರ್ತಿಯಿಂದ ನಡೆದು, 1992ರಲ್ಲಿ ಮುಚ್ಚಿಹೋಯಿತು. ಕಾರ್ನೆಗಿಯವರ ದ್ರವ್ಯದಿಂದ ಷಿಕಾಗೋದಲ್ಲಿ 1920ರ ದಶಕದಲ್ಲಿ ಹುಟ್ಟಿದ ಉನ್ನತ ಶಾಲೆಯೂ ಅದಕ್ಕೆ ಸ್ವಲ್ಪ ಮುಂಚೆಯೇ ನಿಂತುಹೋಗಿದ್ದಿತು.

ಜೂರಿಚ್‌ನಿಂದ ಮರಳಿದ ರಂಗನಾಥನ್‌ರವರು ಬೆಂಗಳೂರಿನಲ್ಲಿ ನೆಲೆಸಿದರು. ಮಂಗಳೂರಿನಲ್ಲಿ ಮೊದಲಾದ ಋಣವು ಇಲ್ಲಿ ಬಲಗೊಂಡಿತು. 1962ರಲ್ಲಿ ಪ್ರಶಾಂತಚಂದ್ರ ಮಹಲನೋಬಿಸ್‌ರವರ ಪ್ರೋತ್ಸಾಹದಿಂದ, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಅಂಗವಾಗಿ, ಬೆಂಗಳೂರಿನಲ್ಲಿ ಡಾಕ್ಯುಮೆಂಟೇಷನ್ ಸಂಶೋಧನ ಮತ್ತು ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿದರು. ಆಗ ಅವರಿಗೆ ಎಪ್ಪತ್ತು ವರ್ಷ! ಕಾರ್ಖಾನೆ, ಪ್ರಯೋಗಶಾಲೆಗಳ ಪುಸ್ತಕಾಲಯಗಳಲ್ಲಿ ಕೆಲಸಮಾಡುವವರಿಗೆ ಅಲ್ಲಿ ಉನ್ನತ ತರಬೇತು ದೊರೆಯತೊಡಗಿತು. ಆ ಕೇಂದ್ರವು ಮೈಸೂರು ರಸ್ತೆಯಲ್ಲಿರುವ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ಇಂದಿಗೂ ನಡೆಯುತ್ತಿದೆ. ಪತ್ನಿಯ ಹೆಸರಿನಲ್ಲಿಯೇ ಬೆಂಗಳೂರಿನಲ್ಲಿ ಮತ್ತೊಂದು ದತ್ತಿಯನ್ನು ಏರ್ಪಡಿಸಿ, ಉಪನ್ಯಾಸಗಳಿಗೂ ಗ್ರಂಥಪ್ರಕಟನೆಗೂ ಅದನ್ನು ಮೀಸಲಿಟ್ಟರು. 1965ರಲ್ಲಿ ಭಾರತ ಸರಕಾರವು ಅವರನ್ನು ರಾಷ್ಟ್ರೀಯ ಸಂಶೋಧನ ಪ್ರೊಫೆಸರರನ್ನಾಗಿ ನೇಮಿಸಿತು.

ಅದೇ ವರ್ಷ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಅಂಗೀಕಾರವಾಯಿತು. ಮನೆ ನಿವೇಶನಗಳ ತೆರಿಗೆಯೇ ಮೊದಲಾದುವುಗಳ ಮೇಲೆ ಒಂದು ಸಣ್ಣ ಗ್ರಂಥಾಲಯ ಕರವನ್ನು ವಿಧಿಸಿ, ಸಾರ್ವಜನಿಕ ಪುಸ್ತಕಾಲಯಗಳು ವರ್ಷ ವರ್ಷವೂ ಕೈಚಾಚಿ ನಿಲ್ಲದಂತೆ ಆ ಕಾನೂನು ಮಾಡಿತು. ಕರಕ್ಕೆ ಕಾನೂನಿನ ಬಲವಿರಬೇಕೆಂಬುದು ರಂಗನಾಥನ್‌ರವರು ಬಹುಕಾಲದಿಂದ ಸಾಧಿಸುತ್ತ ಬಂದ ವಾದ. ವಸೂಲಾದ ಕರವು ಕೆಲವು ಕಡೆಗಳಲ್ಲಿ ಪುಸ್ತಕಾಲಯಗಳಿಗೆ ಸಕಾಲದಲ್ಲಿ ಸಲ್ಲದೆ ಬಾಕಿ ನಿಂತಿರುವುದು ವ್ಯಸನದ ಸಂಗತಿ. ಅದು ಕಾನೂನಿನ ದೋಷವಲ್ಲ. ಶಾಲೆಗಳ ಪುಸ್ತಕಾಲಯಗಳಿಗಾದರೋ ಈ ಕರದಿಂದ ಏನೂ ಬರುವುದಿಲ್ಲ.

ರಂಗನಾಥನ್‌ರವರು 1972ನೆಯ ಇಸವಿ ಸೆಪ್ಟೆಂಬರ್ 27ನೆಯ ತಾರೀಖಿನಲ್ಲಿ ಬೆಂಗಳೂರಿನಲ್ಲಿಯೇ ದೇಹವನ್ನು ಬಿಟ್ಟರು. ಐವತ್ತಕ್ಕೂ ಹೆಚ್ಚು ಗ್ರಂಥಗಳನ್ನು ಬರೆದಿದ್ದರು. ಅವುಗಳಲ್ಲೊಂದು ಗಣಿತಜ್ಞ ರಾಮಾನುಜನ್‌ರ ಜೀವನಚರಿತ್ರೆ. ಅವರ ಜನನದ ನೆನಪಿಗಾಗಿ ಪ್ರತಿ ವರ್ಷ ಆಗಸ್ಟ್ 12ನೆಯ ತಾರೀಖನ್ನು ದೇಶದ ಪುಸ್ತಕಾಲಯಗಳಲ್ಲಿ ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ.

ಇನ್ನು ನಮ್ಮ ಶಾಲೆಯ ಮಾತು. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಆಂಡರ್ಸನ್‌ಪೇಟೆಯ ಎಷ್ಟೋ ಮನೆಗಳ ತಂದೆತಾಯಿಗಳು ನಸುಕಿನಲ್ಲಿಯೇ ಮಾರಿಕುಪ್ಪಂ ರೈಲನ್ನು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ಅಂಥ ಮನೆಗಳ ಹುಡುಗಿಯರಿಗೆ ಸಂಜೆಯ ಹೊತ್ತು ಶಾಲೆಯ ಪುಸ್ತಕಾಲಯವೇ ಮನೆಯಾಗಿದೆ. ಮನೆಮಾತು ತಮಿಳು, ತೆಲುಗು, ಕನ್ನಡ, ಉರ್ದು ಹೀಗೆ ಬೇರೆ ಬೇರೆಯಾಗಿರುವ ಮಕ್ಕಳಲ್ಲಿ ಯಾರಿಗೆ ಯಾವ ಪುಸ್ತಕವನ್ನು ಕೈಗೆ ಕೊಡಬೇಕೆಂದು ತಿಳಿಯುವುದು ಮುದ್ರೆಯೊತ್ತುವ ಕೆಲಸವಲ್ಲ. ಆದುದರಿಂದ ಹಳೆಯ ವಿದ್ಯಾರ್ಥಿನಿಯರ ಸಂಘದವರೂ ನಾವೂ ಕೂಡಿ ಆಲೋಚಿಸಿ, ಒಂದು ಏರ್ಪಾಡನ್ನು ಮಾಡಿದ್ದೇವೆ. ಈ ಸಂಚಿಕೆಯ ಮಾರಾಟದಿಂದ ಬರುವ ಹಣವನ್ನೂ ಸಂಘದ ಸದಸ್ಯೆಯರ ಕಾಣಿಕೆಯನ್ನೂ ಬ್ಯಾಂಕಿನಲ್ಲಿ ಮೂಲಧನವಾಗಿ ಇಟ್ಟು, ಅದನ್ನು ಮುಟ್ಟದೆ, ಬಡ್ಡಿಯಿಂದ ಪುಸ್ತಕಾಲಯದ ಸಹಾಯಕಿಯ ತರಬೇತಿನ ಶುಲ್ಕವನ್ನು ಕೊಡುವುದು. ಬಡ್ಡಿ ಸಾಲದೆ ಹೋದ ವರ್ಷ ಉಳಿದುದನ್ನು ಶಾಲೆಯ ಆಡಳಿತ ಮಂಡಲಿಯವರು ಭರ್ತಿಮಾಡಬೇಕೆಂದು ನಿರ್ಣಯವಾಗಿದೆ. ಈ ಷರತ್ತನ್ನು ನಾವು ಹಟಹಿಡಿದು ಬರೆಯಿಸಿದೆವು. ಸಹಾಯಕಿಯವರು ಕೆಲಸವನ್ನು ಬಿಡದೆಯೇ ಕಲಿಯಲು ಅನುಕೂಲವಾಗುವಂತೆ, ಅಂಚೆಯ ಮೂಲಕ ಪಾಠ ನಡೆಸುವ ಮುಕ್ತ ವಿಶ್ವವಿದ್ಯಾನಿಲಯದ ಶಿಕ್ಷಣಕ್ರಮವನ್ನು ಆರಿಸಿದ್ದೇವೆ. ಸಂಪರ್ಕ ತರಗತಿಗಳ ದಿನಗಳಲ್ಲಿ ಅವರಿಗೆ ಸಂಬಳಸಹಿತ ರಜೆಯುಂಟು.

ಕಾಣಿಕೆಯನ್ನು ಶಾಲೆಯ ಕಚೇರಿಯಲ್ಲಿ ಕೊಟ್ಟು ರಸೀದಿಯನ್ನು ಪಡೆಯಬಹುದು. ಹಣವನ್ನು ಕೊಡಲಾರದ ಸಹೋದರಿಯರು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಪುಸ್ತಕಾಲಯಕ್ಕೆ ಬಂದು, ಪಟ್ಟಿಯ ಕಾರ್ಡುಗಳನ್ನು ಬರೆಯುವುದರಲ್ಲಿ ಕೈಗೂಡಿಸಬೇಕೆಂದು ಪ್ರಾರ್ಥಿಸುತ್ತೇವೆ. ಮಸಿಯೂ ಕಾರ್ಡುಗಳೂ ಶಾಲೆಯಲ್ಲಿವೆ. ಅಕ್ಷರ ದುಂಡಾಗಿದ್ದರೆ ಸಾಕು.